ಸಮುದಾಯ ಭವನದ ಬೀಗದ ಕೈ ಯಾರ ಬಳಿ?

ನಿಪ್ಪಾಣಿಯ ತಂಬಾಕಿನ ವಖಾರಿಯಲ್ಲಿ ಆಯುಷ್ಯವೆಲ್ಲ ಧೂಳು ಕುಡಿದು ಕೆಮ್ಮು ಗಳಿಸಿದ ಮುದುಕಿಗೆ ಸಂಜೆ ನಾಲ್ಕು ಜನರೊಡನೆ ಕೂಡ್ರಲು ಓಣಿಯಲ್ಲಿ ಜಾಗವಿಲ್ಲ. ಅಥಣಿಯಲ್ಲಿ ಚಪ್ಪಲಿ ಹೊಲಿದು ಕಣ್ಣು ಮಂಜಾದವನಿಗೂ ಇಲ್ಲ. ಉಗಾರ ಖುರ್ದದ ಸಕ್ಕರೆ ಕೆಲಸಗಾರನ ಮಗ ನೌಕರಿಯ ಪರೀಕ್ಷೆಗೆ ಓದಬೇಕೆಂದರೆ ಒಂದೇ ಖೋಲಿಯ ಮನೆಯಲ್ಲಿ ಮೂಲೆಯಿಲ್ಲ.

ಭವನಗಳಿಗೇನು ಬರವೇ? ಚಿಕ್ಕೋಡಿಯಿಂದ ರಾಯಬಾಗ, ಕಾಗವಾಡಗಳವರೆಗೆ ನಡೆದು ನೋಡಿರಿ. ಶಾಸಕರ ನಿಧಿಯ ಕಲ್ಲು, ಸಂಸದರ ನಿಧಿಯ ಕಲ್ಲು, ಉದ್ಘಾಟಕರ ಹೆಸರು ಕೆತ್ತಿದ ಕಲ್ಲು! ಒಂದೊಂದು ಜಾತಿಗೆ ಒಂದೊಂದು ಭವನ. ಲಗ್ನವಿದ್ದರೆ ಬಾಡಿಗೆ, ಇಲ್ಲದಿದ್ದರೆ ಬೀಗ. ಸಂಸದರಿಗೆ ವರ್ಷಕ್ಕೆ 5 ಕೋಟಿ, ಶಾಸಕರಿಗೆ 2 ಕೋಟಿ ಸ್ಥಳೀಯ ನಿಧಿಯುಂಟು. ಅದು ಅವರ ಮನೆಯ ಗಂಟಲ್ಲ, ಜನರ ಹಣ. ಸಂಸದರ ನಿಧಿಯ ನಿಯಮವಂತೂ ವಿಚಿತ್ರ: ಬಾಳುವ ಆಸ್ತಿ ಕಟ್ಟಬಹುದು, ಬಾಗಿಲು ತೆರೆಯುವವನಿಗೆ ಪಗಾರ ಕೊಡುವಂತಿಲ್ಲ. ಗೋಡೆ ಎದ್ದರೆ ಗುತ್ತಿಗೆದಾರನಿಗೆ ಲಾಭವುಂಟು. ದಿನಪತ್ರಿಕೆ ತರಿಸಿದರೆ ಯಾರಿಗೇನು ಲಾಭ?

ಹಿಂದೆ ಓಣಿಗಳಲ್ಲಿ ತಾಲೀಮುಗಳಿದ್ದವು. ಕೆಂಪು ಮಣ್ಣಿನಲ್ಲಿ ಹುಡುಗರು ಕುಸ್ತಿ ಹಿಡಿಯುತ್ತಿದ್ದರೆ ಕಟ್ಟೆಯ ಮೇಲಿನ ಮುದುಕರು ಪಟ್ಟು ತಪ್ಪಿದವನನ್ನು ಬೈಯುತ್ತಿದ್ದರು. ಹೆಣ್ಣುಮಕ್ಕಳಿಗೆ ಮಾತ್ರ ಅಲ್ಲಿ ಜಾಗವಿರಲಿಲ್ಲ, ಅದನ್ನೂ ಹೇಳಲೇಬೇಕು. ಬೀಡಿ ಕಟ್ಟುವ ಅಕ್ಕ-ತಂಗಿಯರಿಗೆ ಬಾಗಿಲು ಮುಚ್ಚಿದ ಭವನ ನಮಗೂ ಬೇಡ.

ಅಂಗಡಿಕಾರ ಬಂಧುಗಳೇ, ಇದು ಕೂಲಿಗಾರರ ಗೋಳೆಂದು ಸುಮ್ಮನಿರಬೇಡಿರಿ. 1965ರ ಗ್ರಂಥಾಲಯ ಕಾನೂನಿನಂತೆ ಕಟ್ಟಡ ತೆರಿಗೆಯ ಪ್ರತಿ ನೂರು ರೂಪಾಯಿಗೆ 6 ರೂಪಾಯಿ ಗ್ರಂಥಾಲಯ ಕರ ನಿಮ್ಮಿಂದ ಹೋಗುತ್ತದೆ. ಬಾಡಿಗೆ ಅಂಗಡಿಯವನೂ ಅದನ್ನು ಬಾಡಿಗೆಯಲ್ಲಿ ತೆರುತ್ತಾನೆ. ನಿಮ್ಮ ಓಣಿಯ ವಾಚನಾಲಯ ಎಲ್ಲಿದೆ?

ಕನ್ನಡ ಪತ್ರಿಕೆಯೋ ಮರಾಠಿಯೋ ಎಂದು ಜಗಳ ಹಚ್ಚುವವರೂ ಬಂದೇ ಬರುತ್ತಾರೆ. ಎರಡನ್ನೂ ಇಡಿರಿ! 1981ರಲ್ಲಿ ತಂಬಾಕಿಗೆ ಬೆಲೆ ಕೇಳಿ ನಿಪ್ಪಾಣಿಯ ಹೆದ್ದಾರಿಯಲ್ಲಿ ಕುಳಿತ ರೈತರ ಮೇಲೆ ಗುಂಡು ಹಾರಿದಾಗ, ಆ ಗುಂಡು ಯಾರ ಭಾಷೆಯನ್ನೂ ಕೇಳಲಿಲ್ಲ.

ನಮ್ಮ ಬೇಡಿಕೆ ಸಣ್ಣದು. ಪ್ರತಿ ಭವನ ಎಲ್ಲ ಜಾತಿಯವರಿಗೂ ದಿನಾಲು ಸಂಜೆ ತೆರೆದಿರಲಿ. ದೀಪ, ಬೆಂಚು, ಪತ್ರಿಕೆ, ಕುಡಿಯುವ ನೀರು ಇರಲಿ. ಕಾಯಲು ಪಗಾರದ ಒಬ್ಬ ಕೆಲಸಗಾರನಿರಲಿ. 2005ರ ಮಾಹಿತಿ ಹಕ್ಕಿನ ಕಾನೂನಿನಂತೆ 10 ರೂಪಾಯಿ ಕಟ್ಟಿ ನಿಮ್ಮ ನಗರಸಭೆಗೋ ಪುರಸಭೆಗೋ ಅರ್ಜಿ ಹಾಕಿರಿ: ಗ್ರಂಥಾಲಯ ಕರ ಎಷ್ಟು ವಸೂಲಾಯಿತು, ಗ್ರಂಥಾಲಯ ಪ್ರಾಧಿಕಾರಕ್ಕೆ ಎಷ್ಟು ಸಂದಿತು, ಭವನದ ಬಾಡಿಗೆ ಯಾರ ಖಾತೆಗೆ ಜಮೆಯಾಯಿತು? 30 ದಿನಗಳಲ್ಲಿ ಉತ್ತರ ಕೊಡಬೇಕು. ಬಂದ ಉತ್ತರವನ್ನು ಆ ಭವನದ ಬಾಗಿಲಿಗೇ ಅಂಟಿಸಿರಿ.