ಬೀಗ ಬಿದ್ದ ಕಾರ್ಖಾನೆ ಮತ್ತೆ ತೆರೆಯಬೇಕಾದರೆ: ಕೊಪ್ಪಳ ಜಿಲ್ಲಾಧಿಕಾರಿಗಳಿಗೆ ಬಹಿರಂಗ ಪತ್ರ

ಗೆ,
ಮಾನ್ಯ ಜಿಲ್ಲಾಧಿಕಾರಿಗಳು,
ಕೊಪ್ಪಳ ಜಿಲ್ಲೆ.

ವಿಷಯ: ಕೊಪ್ಪಳ, ಗಂಗಾವತಿ, ಕುಷ್ಟಗಿ ಹಾಗೂ ಯಲಬುರ್ಗಾ ಸೀಮೆಯಲ್ಲಿ ಮುಚ್ಚಿರುವ ಕಾರ್ಖಾನೆಗಳ ಮರುಚಾಲನೆಗಿರುವ ಕಾನೂನು ತೊಡಕುಗಳು.

ಮಾನ್ಯರೇ,

ಕಾರ್ಖಾನೆ ಕಟ್ಟುವುದಕ್ಕೆ ಕಾನೂನಿದೆ, ಮುಚ್ಚುವುದಕ್ಕೂ ಇದೆ. ಮುಚ್ಚಿದ್ದನ್ನು ತೆರೆಯುವುದಕ್ಕೆಂದೇ ಪ್ರತ್ಯೇಕ ಕಾಯ್ದೆಯಿಲ್ಲ. ಹೀಗಾಗಿ ಬೀಗ ಬಿದ್ದ ಗಿರಣಿಯನ್ನೋ ಉಕ್ಕಿನ ಘಟಕವನ್ನೋ ಮತ್ತೆ ನಡೆಸಲು ಹೊರಟವರು ಹತ್ತಾರು ಕಾಯ್ದೆಗಳ ಚೂರುಪಾರುಗಳನ್ನು ತಾವೇ ಜೋಡಿಸಿಕೊಳ್ಳಬೇಕಾಗುತ್ತದೆ. ಭೂಮಿಗೆ ಒಂದು ಕಚೇರಿ, ವಿದ್ಯುತ್ತಿಗೆ ಇನ್ನೊಂದು, ಹೊಗೆಗೆ ಮತ್ತೊಂದು, ಸಾಲಕ್ಕೆ ಬೇರೊಂದು. ಒಂದು ಕಚೇರಿಯ ಒಪ್ಪಿಗೆ ಕೈಗೆ ಬರುವ ಹೊತ್ತಿಗೆ ಇನ್ನೊಂದರ ಅವಧಿ ತೀರಿರುತ್ತದೆ. ಅಷ್ಟರಲ್ಲಿ ತಾಮ್ರದ ಕೇಬಲ್ಲು ಕಳುವಾಗಿ, ಯಂತ್ರಗಳು ತುಕ್ಕು ಹಿಡಿದು, ಕಾರ್ಖಾನೆ ಗುಜರಿ ದರಕ್ಕೆ ಇಳಿದಿರುತ್ತದೆ.

ಕೊಪ್ಪಳ ಸೀಮೆಗೆ ಈ ಪ್ರಶ್ನೆ ಹತ್ತಿರದ್ದು. ಗಿಣಿಗೇರಿ, ಹಿರೇಬಗನಾಳ ಸುತ್ತಲಿನ ಸ್ಪಾಂಜ್ ಐರನ್ ಮತ್ತು ಉಕ್ಕಿನ ಘಟಕಗಳು ಬಳ್ಳಾರಿ, ಸಂಡೂರಿನ ಅದಿರನ್ನು ನಂಬಿ ಎದ್ದವು. ಸುಪ್ರೀಂ ಕೋರ್ಟ್ 2011ರ ಜುಲೈ 29ರಂದು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿದಾಗ ಗಣಿಯಲ್ಲಿ ಯಾವ ತಪ್ಪನ್ನೂ ಮಾಡದ ಘಟಕಗಳಿಗೂ ಅದಿರು ತಪ್ಪಿತು. ಗಣಿಗಳನ್ನು ಅಕ್ರಮದ ಮಟ್ಟಕ್ಕೆ ತಕ್ಕಂತೆ ಎ, ಬಿ, ಸಿ ಎಂದು ವಿಂಗಡಿಸಿ, 2013ರ ಏಪ್ರಿಲ್ 18ರ ತೀರ್ಪಿನಲ್ಲಿ ಸಿ ವರ್ಗದ ಗುತ್ತಿಗೆಗಳನ್ನು ರದ್ದುಪಡಿಸಿ, ಉಳಿದವನ್ನು ಪುನಶ್ಚೇತನ ಯೋಜನೆಯ ಷರತ್ತಿನ ಮೇಲೆ ತೆರೆಯಲಾಯಿತು. ಅಂದರೆ ಗಣಿಯ ಮರುಚಾಲನೆಗೆ ನ್ಯಾಯಾಲಯವೇ ನಿಂತು ದಾರಿ ಹಾಕಿಕೊಟ್ಟಿತು. ಗಣಿಯನ್ನು ನಂಬಿದ್ದ ಕಾರ್ಖಾನೆಗೆ ಅಂಥ ದಾರಿ ಸಿಗಲಿಲ್ಲ. ಅದಿರು ನಿಂತ ತಿಂಗಳುಗಳಲ್ಲೂ ಸಾಲದ ಬಡ್ಡಿ ನಡೆಯುತ್ತಲೇ ಇತ್ತು. ಗಂಗಾವತಿ, ಕಾರಟಗಿಯ ರೈಸ್ ಮಿಲ್ಲುಗಳು ಮತ್ತು ಕುಷ್ಟಗಿಯ ಗ್ರಾನೈಟ್ ಘಟಕಗಳು ಮುಚ್ಚುವ ಕಾರಣ ಬೇರೆ. ಮುಚ್ಚಿದ ಮೇಲೆ ಅವೂ ಎದುರಿಸುವುದು ಇದೇ ಕಚೇರಿಗಳ ಸಾಲನ್ನು.

ಮೊದಲ ತೊಡಕು, ಬೀಗದ ಕೈ ಯಾರ ಬಳಿ ಇದೆ ಎಂಬುದು. ಮಾಲೀಕ ತಾನಾಗಿ ಮುಚ್ಚಿದ್ದರೆ ಅವನೇ ತೆರೆಯಬಹುದು. ಜಲ ಕಾಯ್ದೆಯ 33ಎ ಅಥವಾ ವಾಯು ಕಾಯ್ದೆಯ 31ಎ ಕಲಮಿನಡಿ ಮಾಲಿನ್ಯ ನಿಯಂತ್ರಣ ಮಂಡಳಿ ಮುಚ್ಚಿಸಿದ್ದರೆ ಮಂಡಳಿಯ ಆದೇಶ ತೆರವಾಗಬೇಕು. ಸಾಲ ವಸೂಲಿಯ 2002ರ ಸರ್ಫೇಸಿ ಕಾಯ್ದೆಯಡಿ ಬ್ಯಾಂಕು ಸ್ವಾಧೀನಕ್ಕೆ ತೆಗೆದುಕೊಂಡಿದ್ದರೆ ಸಾಮಾನ್ಯವಾಗಿ ಹರಾಜಿನಲ್ಲಿ ಕೊಂಡವನಿಗೆ ಬಾಗಿಲು ತೆರೆಯುತ್ತದೆ. ಪ್ರಕರಣ 2016ರ ದಿವಾಳಿ ಸಂಹಿತೆಯಡಿ ಹೋಗಿದ್ದರೆ ಕಂಪನಿ ಕಾನೂನು ನ್ಯಾಯಮಂಡಳಿಯಾದ ಎನ್‌ಸಿಎಲ್‌ಟಿ ಒಪ್ಪಿದ ಪರಿಹಾರ ಯೋಜನೆಯೇ ಕೀಲಿಕೈ. ಆ ಸಂಹಿತೆ ಹಾಕಿಕೊಟ್ಟ ಗಡುವು 180 ದಿನ, ಮೇಲೆ 90 ದಿನ, ವ್ಯಾಜ್ಯದ ಕಾಲವೂ ಸೇರಿ ಒಟ್ಟು 330 ದಿನ. ದೇಶದಾದ್ಯಂತ ಈ ಗಡುವು ಮೀರುವುದೇ ರೂಢಿಯಾಗಿದೆ. ಕೊಪ್ಪಳದವರಿಗೆ ದೂರವೂ ಒಂದು ತೊಡಕು. ಎನ್‌ಸಿಎಲ್‌ಟಿ ಇರುವುದು ಬೆಂಗಳೂರಿನಲ್ಲಿ, ಹೈಕೋರ್ಟ್ ಪೀಠ ಧಾರವಾಡದಲ್ಲಿ, ವಿದ್ಯುತ್ ಕಂಪನಿ ಜೆಸ್ಕಾಂನ ಕೇಂದ್ರ ಕಚೇರಿ ಕಲಬುರಗಿಯಲ್ಲಿ, ಹಸಿರು ನ್ಯಾಯಮಂಡಳಿಯ ದಕ್ಷಿಣ ಪೀಠ ಚೆನ್ನೈಯಲ್ಲಿ. ದೊಡ್ಡ ಕಂಪನಿಗೆ ನಾಲ್ಕು ಊರಿನಲ್ಲಿ ನಾಲ್ವರು ವಕೀಲರನ್ನು ಇಡುವುದು ಕಷ್ಟವಲ್ಲ. ಗಂಗಾವತಿಯ ರೈಸ್ ಮಿಲ್ಲಿನವನಿಗೆ ಅದು ಆಗದ ಮಾತು.

ಎರಡನೆಯದು ಹಳೆಯ ಬಾಕಿ. ಇಲ್ಲಿ ಕಾನೂನು ಒಂದೇ ಕಾರ್ಖಾನೆಗೆ ಎರಡು ಮಾತು ಆಡುತ್ತದೆ. ದಿವಾಳಿ ಸಂಹಿತೆಯಡಿ ಯೋಜನೆ ಮಂಜೂರಾದರೆ, ಅದರಲ್ಲಿ ಸೇರದ ಹಳೆಯ ಬಾಕಿಗಳು ತೆರಿಗೆಯನ್ನೂ ಒಳಗೊಂಡು ಅಳಿದುಹೋಗುತ್ತವೆ ಎಂದು ಸುಪ್ರೀಂ ಕೋರ್ಟ್ 2021ರ ಏಪ್ರಿಲ್‌ನಲ್ಲಿ ಘನಶ್ಯಾಮ್ ಮಿಶ್ರಾ ಪ್ರಕರಣದಲ್ಲಿ ಹೇಳಿತು. ಅದೇ ಕಾರ್ಖಾನೆಯನ್ನು ಬ್ಯಾಂಕಿನ ಹರಾಜಿನಲ್ಲಿ ‘ಇದ್ದದ್ದು ಇದ್ದ ಹಾಗೆ’ ಎಂಬ ಷರತ್ತಿಗೆ ಕೊಂಡವನ ಪಾಡು ಬೇರೆ. ಹಿಂದಿನ ಮಾಲೀಕನ ವಿದ್ಯುತ್ ಬಾಕಿಯನ್ನು ಹೊಸ ಸಂಪರ್ಕಕ್ಕೆ ಷರತ್ತಾಗಿ ಹೇರಲು ನಿಯಮಾವಳಿಯಲ್ಲಿ ಅವಕಾಶ ಮಾಡಿಕೊಳ್ಳುವುದು ಸರಿ ಎಂದು ಅದೇ ಕೋರ್ಟಿನ 2023ರ ಮೇ 19ರ ಕೆ.ಸಿ. ನೈನಾನ್ ತೀರ್ಪು ಎತ್ತಿಹಿಡಿದಿದೆ. ತೀರ್ಪಿಗೆ ತನ್ನದೇ ತರ್ಕವಿದೆ. ಹೆಸರು ಬದಲಿಸಿಕೊಂಡು ಬಾಕಿ ತಪ್ಪಿಸುವವರು ಇದ್ದಾರೆ, ಆ ನಷ್ಟ ಕಡೆಗೆ ಬಿಲ್ಲು ಕಟ್ಟುವ ಸಾಮಾನ್ಯ ಗ್ರಾಹಕನ ಮೇಲೇ ಬೀಳುತ್ತದೆ. ಆದರೆ ಹರಾಜಿನ ದಿನವೇ ಬಾಕಿಯ ಮೊತ್ತ ಬರಹದಲ್ಲಿ ಕೈಗೆ ಸಿಕ್ಕರೆ ಕೊಳ್ಳುವವನು ಅದನ್ನು ಲೆಕ್ಕ ಹಾಕಿಯೇ ಬೆಲೆ ಕೂಗುತ್ತಾನೆ. ಹರಾಜು ಮುಗಿದು ದುಡ್ಡು ಕಟ್ಟಿದ ಮೇಲೆ ಮೀಟರಿಗೆ ಅರ್ಜಿ ಹಾಕುವಾಗ ಗೊತ್ತಾದರೆ ಕಾರ್ಖಾನೆ ಎರಡನೇ ಸಲ ಮುಚ್ಚಿದಂತೆ.

ಭೂಮಿಯ ವಿಷಯ ಬೇಗ ಮುಗಿಯುತ್ತದೆ. ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿಯ (ಕೆಐಎಡಿಬಿ) ನಿವೇಶನವಾದರೆ ಗುತ್ತಿಗೆ ಷರತ್ತು ಮುರಿದಿದೆಯೇ, ಮಂಡಳಿ ಅದನ್ನು ವಾಪಸು ಪಡೆದಿದೆಯೇ ಎಂದು ನೋಡಬೇಕು. ಖಾಸಗಿ ಜಮೀನಾದರೆ ಪಹಣಿ, ಋಣಭಾರ ಪತ್ರ ಮತ್ತು ಭೂಪರಿವರ್ತನೆಯ ಆದೇಶ ಒಂದಕ್ಕೊಂದು ತಾಳೆಯಾಗಬೇಕು.

ಪರಿಸರದ ಕಾನೂನು ಹೆಚ್ಚು ಸೂಕ್ಷ್ಮವಾದದ್ದು, ಜಿಲ್ಲೆಯ ಜನರಿಗೆ ಹೆಚ್ಚು ಬೇಕಾದದ್ದು. ಮುಚ್ಚಿದ ಕಾಲದಲ್ಲಿ ಕಾರ್ಖಾನೆ ನಡೆಸುವ ಸಮ್ಮತಿ ಪತ್ರದ ಅವಧಿ ತೀರಿಹೋಗಿರುತ್ತದೆ, ಅದನ್ನು ಮತ್ತೆ ಪಡೆಯಬೇಕು. ಅದಕ್ಕೂ ಮೇಲೆ 2006ರ ಸೆಪ್ಟೆಂಬರ್ 14ರ ಪರಿಸರ ಪರಿಣಾಮ ಅಧಿಸೂಚನೆ ಇದೆ. ಇದರಡಿ ಕೊಟ್ಟ ಪರಿಸರ ಅನುಮತಿಯ ಅವಧಿ 2022ರ ಏಪ್ರಿಲ್ ತಿದ್ದುಪಡಿಯ ನಂತರ ಕೈಗಾರಿಕೆಗೆ 10 ವರ್ಷ. ಅವಧಿಯನ್ನು ಎಣಿಸುವುದು ಉತ್ಪಾದನೆ ಶುರುವಾಗುವವರೆಗೆ. ಆದ್ದರಿಂದ ಒಮ್ಮೆ ನಡೆದು ನಿಂತ ಘಟಕದ ಲೆಕ್ಕ ಬೇರೆ, ಅರ್ಧ ಕಟ್ಟಿ ಬಿಟ್ಟ ಘಟಕದ ಲೆಕ್ಕ ಬೇರೆ. ಅನುಮತಿಯನ್ನು ಹೊಸ ಮಾಲೀಕನ ಹೆಸರಿಗೆ ವರ್ಗಾಯಿಸಲು ಹಳೆಯ ಮಾಲೀಕನೇ ಅರ್ಜಿ ಹಾಕಬೇಕು, ಇಲ್ಲವೇ ಲಿಖಿತ ನಿರಾಕ್ಷೇಪಣೆ ಕೊಡಬೇಕು. ಸಾಲ ಮುಳುಗಿಸಿ ಊರು ಬಿಟ್ಟವನಿಂದ ಆ ಪತ್ರ ತರುವುದು ಹೇಗೆ? ಇನ್ನು ಮರುಚಾಲನೆಯ ಹೆಸರಿನಲ್ಲಿ ಹೊಸ ಗೂಡು ಕಟ್ಟಿದರೆ, ಸಾಮರ್ಥ್ಯ ಹೆಚ್ಚಿಸಿದರೆ, ಅದು ಮರುಚಾಲನೆಯಲ್ಲ, ವಿಸ್ತರಣೆ. ಅದಕ್ಕೆ ಮೊದಲೇ ಅನುಮತಿ ಬೇಕು. ಅನುಮತಿಯಿಲ್ಲದೆ ನಡೆದಿದ್ದ ಘಟಕಗಳಿಗೆ ಆಮೇಲೆ ಅನುಮತಿ ಕೊಡಬಹುದೇ ಎಂಬ ಪ್ರಶ್ನೆಯಂತೂ ಒಂದೇ ವರ್ಷದಲ್ಲಿ ಎರಡು ಕಡೆ ಹೊರಳಿತು. ವನಶಕ್ತಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2025ರ ಮೇ 16ರಂದು ಕೂಡದು ಎಂದಿತು, ನವೆಂಬರ್ 18ರಂದು ಬಹುಮತದಿಂದ ಆ ತೀರ್ಪನ್ನು ಹಿಂದಕ್ಕೆ ಪಡೆಯಿತು.

ಇಷ್ಟೆಲ್ಲ ಕಟ್ಟುನಿಟ್ಟು ಏಕೆ ಎಂಬುದಕ್ಕೆ ಸ್ಪಾಂಜ್ ಐರನ್ ಗೂಡನ್ನೇ ಹತ್ತಿರದಿಂದ ನೋಡಬೇಕು. ಅದಿರು ಮತ್ತು ಕಲ್ಲಿದ್ದಲನ್ನು ಉರುಳುವ ಉದ್ದನೆಯ ಕೊಳವೆಯೊಳಗೆ ಕಾಯಿಸಿದಾಗ ಏಳುವ ಬಿಸಿ ಗಾಳಿ ಮಸಿ ಮತ್ತು ಧೂಳನ್ನು ಹೊತ್ತು ಬರುತ್ತದೆ. ಅದು ಇಎಸ್‌ಪಿ ಎಂಬ ವಿದ್ಯುತ್ ಧೂಳುಗ್ರಾಹಿಯ ಮೂಲಕ ಹಾದು ಹೊರಗೆ ಹೋಗಬೇಕು. ಇಎಸ್‌ಪಿ ಕೆಟ್ಟಾಗ, ಅಥವಾ ಅದನ್ನು ನಿಲ್ಲಿಸಿದಾಗ, ಗೂಡಿನ ಮೇಲಿನ ತುರ್ತು ಚಿಮಣಿಯ ಮುಚ್ಚಳ ತೆರೆದುಕೊಳ್ಳುತ್ತದೆ. ಮಾರನೆಯ ಬೆಳಿಗ್ಗೆ ಮಾಳಿಗೆಯ ಮೇಲೆ ಹರವಿದ ಜೋಳ ಕಪ್ಪಾಗಿರುತ್ತದೆ, ದಾರಕ್ಕೆ ಹಾಕಿದ ಬಟ್ಟೆಯನ್ನು ಮತ್ತೆ ಒಗೆಯಬೇಕಾಗುತ್ತದೆ, ಹತ್ತಿಯ ಬಣ್ಣ ಕೆಟ್ಟು ದರ ಬೀಳುತ್ತದೆ. ವರ್ಷಗಟ್ಟಲೆ ನಿಂತ ಘಟಕದಲ್ಲಿ ಬೇಗ ಹಾಳಾಗುವಂಥವು ಇಎಸ್‌ಪಿಯ ತಟ್ಟೆಗಳು, ಉತ್ಪಾದನೆಗೆ ಅವು ಬೇಡದ ಕಾರಣ ಕೊನೆಗೆ ದುರಸ್ತಿಯಾಗುವುದೂ ಅವೇ. ಮರುಚಾಲನೆಯ ಪರಿಶೀಲನೆ ಅಲ್ಲಿಂದಲೇ ಶುರುವಾಗಬೇಕು. ಅಡ್ಡಿ ಕಡಿಮೆ ಮಾಡುವುದೆಂದರೆ ಈ ತಪಾಸಣೆಯನ್ನು ಸಡಿಲಿಸುವುದಲ್ಲ. ಇಲ್ಲಿ ಸಡಿಲಿಸಿದ್ದರ ಬೆಲೆಯನ್ನು ತೆರುವವರು ಗಿಣಿಗೇರಿಯ ಮಕ್ಕಳು.

ಊರಿನ ನಂಬಿಕೆ ಒಮ್ಮೆ ಮುರಿದರೆ ಯಾವ ಪತ್ರವೂ ಕಾರ್ಖಾನೆಯನ್ನು ತೆರೆಯಲಾರದು. ತಮಿಳುನಾಡಿನ ತೂತ್ತುಕುಡಿಯಲ್ಲಿ ಸ್ಟರ್ಲೈಟ್ ತಾಮ್ರ ಕಾರ್ಖಾನೆಯ ಸಮ್ಮತಿ ನವೀಕರಣವನ್ನು ಅಲ್ಲಿನ ಮಂಡಳಿ 2018ರ ಏಪ್ರಿಲ್‌ನಲ್ಲಿ ನಿರಾಕರಿಸಿತು. ಮೇ ತಿಂಗಳ ಗೋಲಿಬಾರಿನಲ್ಲಿ 13 ಜನ ಸತ್ತರು. ಮತ್ತೆ ತೆರೆಯಲು ಕಂಪನಿ ನಡೆಸಿದ ಹೋರಾಟ 2024ರ ಫೆಬ್ರವರಿ 29ರಂದು ಸುಪ್ರೀಂ ಕೋರ್ಟಿನಲ್ಲಿ ಸೋಲು ಕಂಡಿತು. ಕೊಪ್ಪಳದಲ್ಲೂ ಬಿಎಸ್‌ಪಿಎಲ್ ಉಕ್ಕು ಕಾರ್ಖಾನೆಯ ವಿಸ್ತರಣೆಯ ವಿರುದ್ಧ 2025ರ ಫೆಬ್ರವರಿ 24ರಂದು ಬಂದ್ ನಡೆಯಿತು, ಗವಿಮಠದ ಗವಿಸಿದ್ಧೇಶ್ವರ ಸ್ವಾಮೀಜಿಯವರೂ ಜನರ ಜೊತೆ ನಿಂತರು. ಬಳಿಕ ಕಾಮಗಾರಿ ನಿಲ್ಲಿಸುವಂತೆ ಮುಖ್ಯಮಂತ್ರಿಗಳು ಮೌಖಿಕವಾಗಿ ಸೂಚಿಸಿದರು. ಬಾಯಿಮಾತಿನ ಸೂಚನೆ ಊರಿಗೂ ಭದ್ರವಲ್ಲ, ಉದ್ಯಮಕ್ಕೂ ಸ್ಪಷ್ಟವಲ್ಲ. ಏನು ನಿಂತಿದೆ, ಯಾವ ಷರತ್ತು ಪೂರೈಸಿದರೆ ಮುಂದುವರಿಯಬಹುದು ಅಥವಾ ಕೂಡದು ಎಂಬುದು ಬರಹದಲ್ಲಿದ್ದರೆ ಇಬ್ಬರೂ ನ್ಯಾಯಾಲಯದಲ್ಲಿ ಅದನ್ನು ಹಿಡಿದು ಮಾತಾಡಬಹುದು.

ಸಕ್ಕರೆ ಕಾರ್ಖಾನೆಗೆ ತನ್ನದೇ ಒಂದು ಗಂಟು ಇದೆ. ಮುಚ್ಚಿದ ಸಕ್ಕರೆ ಕಾರ್ಖಾನೆಗೆ 1966ರ ಕಬ್ಬು ನಿಯಂತ್ರಣಾದೇಶದ 6ಎ ಕಲಮು ದೊಡ್ಡ ಅಡ್ಡಿ. ಅದರಂತೆ ಇರುವ ಕಾರ್ಖಾನೆಯ 15 ಕಿ.ಮೀ. ಒಳಗೆ ಹೊಸದು ಬರಕೂಡದು. ಆದರೆ ಹಿಂದಿನ 5 ಹಂಗಾಮು ಕಬ್ಬು ಅರೆಯದ ಕಾರ್ಖಾನೆ ‘ಇರುವ ಕಾರ್ಖಾನೆ’ಗಳ ಲೆಕ್ಕದಿಂದಲೇ ಬಿದ್ದುಹೋಗುತ್ತದೆ. ಆಗ ಪಕ್ಕದಲ್ಲಿ ಬೇರೊಬ್ಬರು ಕಟ್ಟಬಹುದು, ಹಳೆಯದಕ್ಕೆ ಕಬ್ಬಿನ ಪ್ರದೇಶ ಕೈತಪ್ಪಿಹೋಗುತ್ತದೆ. 1933ರ ಮಂಡ್ಯದ ಮೈಷುಗರ್ ವರ್ಷಗಳ ಕಾಲ ನಿಂತು 2022ರಲ್ಲಿ ಮತ್ತೆ ಅರೆಯಲಾರಂಭಿಸಿದ್ದು ಸರ್ಕಾರವೇ ಮಾಲೀಕನಾಗಿ ದುಡ್ಡು ಹಾಕಿದ್ದರಿಂದ. ಖಾಸಗಿ ಕಾರ್ಖಾನೆಗೆ ಆ ಬೆನ್ನಾಸರೆ ಇಲ್ಲ.

ಇನ್ನು ಕುಚ್ಚಲಕ್ಕಿ ಮಾಡುವ ರೈಸ್ ಮಿಲ್ಲುಗಳಲ್ಲಿ ಹೊಟ್ಟು ಉರಿಸುವ ಬಾಯ್ಲರು ಇರುತ್ತದೆ. 1923ರ ಕಾಯ್ದೆಯ ಜಾಗಕ್ಕೆ 2025ರ ಬಾಯ್ಲರ್ ಕಾಯ್ದೆ ಬಂದಿದೆ, ತಪಾಸಣೆಯ ತಿರುಳು ಮಾತ್ರ ಹಳೆಯದೇ. ನಿಂತ ಬಾಯ್ಲರಿನ ಕೊಳವೆಗಳು ಒಳಗಿನಿಂದ ತೆಳುವಾಗಿರುತ್ತವೆ, ಸುರಕ್ಷಾ ಕವಾಟ ಕಚ್ಚಿಕೊಂಡಿರುತ್ತದೆ. ಕೆಲಸದ ಒತ್ತಡಕ್ಕಿಂತ ಹೆಚ್ಚಿನ ಒತ್ತಡದಲ್ಲಿ ನೀರು ತುಂಬಿ ಪರೀಕ್ಷಿಸಿ ಪ್ರಮಾಣಪತ್ರ ಪಡೆಯದೆ ಬೆಂಕಿ ಹಾಕುವಂತಿಲ್ಲ. ಅಗ್ನಿಶಾಮಕ ದಳದ ಒಪ್ಪಿಗೆ, ತೂಕದ ಸೇತುವೆಯ ಮುದ್ರೆ ಇವೆಲ್ಲ ಇದರ ಹಿಂದೆ ಬರುತ್ತವೆ.

ಕಾರ್ಮಿಕರ ಮಾತು ಕಡತದಲ್ಲಿ ಸದಾ ಕೊನೆಗೆ ಬರುತ್ತದೆ. ದಿವಾಳಿ ಸಂಹಿತೆಯ 53ನೇ ಕಲಮಿನಲ್ಲಿ 24 ತಿಂಗಳ ಕೂಲಿಬಾಕಿಗೆ ಅಡವು ಹೊಂದಿರುವ ಸಾಲದಾತರಿಗೆ ಸಮಾನವಾದ ಸ್ಥಾನವಿದೆ. ಪಿಎಫ್ ಹಣ ಹಂಚಿಕೆಯ ಗಂಟಿಗೇ ಸೇರುವುದಿಲ್ಲ, ಅದು ಕಾರ್ಮಿಕರದ್ದೇ. 2025ರ ನವೆಂಬರ್ 21ರಂದು ಜಾರಿಗೆ ಬಂದ ಕೈಗಾರಿಕಾ ಸಂಬಂಧ ಸಂಹಿತೆಯಲ್ಲಿ ಮುಚ್ಚಲು ಸರ್ಕಾರದ ಪೂರ್ವಾನುಮತಿ ಬೇಕಾಗುವುದು 300 ಕಾರ್ಮಿಕರಿದ್ದರೆ, ಹಿಂದೆ 100 ಇತ್ತು. ಹಾಗಾಗಿ ಜಿಲ್ಲೆಯ ಮಧ್ಯಮ ಗಾತ್ರದ ಘಟಕಗಳು ಇನ್ನು ಕೇಳದೆಯೇ ಮುಚ್ಚಬಹುದು. ಕೆಲಸ ಕಳೆದುಕೊಂಡವರನ್ನು ಮರುನೇಮಕಕ್ಕೆ ಮೊದಲು ಕರೆಯಬೇಕೆಂಬ ನಿಯಮಕ್ಕೂ ಈಗ ಒಂದು ವರ್ಷದ ಮಿತಿ ಬಿದ್ದಿದೆ. ಮರುಚಾಲನೆಗೆ ಮೂರು ವರ್ಷ ಹಿಡಿದರೆ ಗೂಡಿನ ಮುಂದೆ ಇಪ್ಪತ್ತು ವರ್ಷ ನಿಂತವನಿಗೆ ಆ ಹಕ್ಕು ಉಳಿದಿರುವುದಿಲ್ಲ. ಕಚೇರಿಗಳ ವಿಳಂಬಕ್ಕೂ ಕಾರ್ಮಿಕನ ಅನ್ನಕ್ಕೂ ಇರುವ ನೇರ ಸಂಬಂಧ ಇದು.

ಇಷ್ಟೆಲ್ಲದರಲ್ಲಿ ಜಿಲ್ಲಾಧಿಕಾರಿಗಳಾದ ತಮ್ಮ ಕೈಯಲ್ಲಿರುವುದು ಕಡಿಮೆಯೇನಲ್ಲ. 2002ರ ಕೈಗಾರಿಕೆಗಳ ಸೌಲಭ್ಯ ಕಾಯ್ದೆಯಡಿಯ ಜಿಲ್ಲಾ ಏಕಗವಾಕ್ಷಿ ಸಮಿತಿಗೆ ತಾವೇ ಅಧ್ಯಕ್ಷರು. ಆ ಗವಾಕ್ಷಿ ಮುಖ್ಯವಾಗಿ ಹೊಸ ಉದ್ಯಮದ ಕಡೆಗೆ ತೆರೆದಿದೆ, ಮುಚ್ಚಿದ ಘಟಕಗಳ ಕಡೆಗೂ ತೆರೆಯಲು ಹೊಸ ಶಾಸನ ಬೇಕಿಲ್ಲ. ತಾಲ್ಲೂಕುವಾರು ಪಟ್ಟಿ ಮಾಡಿ, ಪ್ರತಿ ಘಟಕ ಯಾರ ಸ್ವಾಧೀನದಲ್ಲಿದೆ, ಜೆಸ್ಕಾಂ, ಪಿಎಫ್, ಪಂಚಾಯಿತಿ ತೆರಿಗೆಯ ಬಾಕಿ ಎಷ್ಟು, ಪರಿಸರ ಅನುಮತಿಯ ದಿನಾಂಕ ಯಾವುದು ಎಂಬುದನ್ನು ಒಂದೇ ಹಾಳೆಯಲ್ಲಿ ಬರೆಸಬಹುದು. ಹರಾಜಿಗೆ ಮುಂಚೆ ಆ ಹಾಳೆ ಬ್ಯಾಂಕಿಗೂ ಕೊಳ್ಳುವವರಿಗೂ ಸಿಗಬೇಕು. ಬಾಯ್ಲರು, ಮಾಲಿನ್ಯ, ಕಾರ್ಖಾನೆ ಇಲಾಖೆಗಳ ಅಧಿಕಾರಿಗಳು ಬೇರೆ ಬೇರೆ ತಿಂಗಳು ಬರುವ ಬದಲು ಒಂದೇ ದಿನ ಜಂಟಿಯಾಗಿ ಬರಬಹುದು. ಪರಿಸರ ಸಾರ್ವಜನಿಕ ಆಲಿಕೆಯ ಅಧ್ಯಕ್ಷತೆಯೂ ತಮ್ಮದೇ. ಮರುಚಾಲನೆಗೆ ಆಲಿಕೆ ಕಡ್ಡಾಯವಲ್ಲದ ಕಡೆಯೂ ಊರಿನವರನ್ನು ಕೂರಿಸಿ, ಇಎಸ್‌ಪಿಯ ಪರೀಕ್ಷಾ ವರದಿಯನ್ನು ಕನ್ನಡದಲ್ಲಿ ಓದಿಸಬಹುದು.

ಇನ್ನೊಂದು ಕೆಲಸ ಸ್ವಾಧೀನದ ದಿನವೇ ಆಗಬೇಕು. ಬೀಗಮುದ್ರೆ ಹಾಕುವಾಗ ಯಂತ್ರಗಳ ಪಂಚನಾಮೆ ಆಗುತ್ತದೆ, ಕಚೇರಿ ಕೋಣೆಯ ಹಾಜರಿ ಪುಸ್ತಕ ಒಳಗೇ ಉಳಿಯುತ್ತದೆ. ಮಳೆ ಸೋರಿ, ಗೆದ್ದಲು ಹಿಡಿದ ಮೇಲೆ ಯಾರು ಎಷ್ಟು ವರ್ಷ ದುಡಿದರು ಎಂಬುದಕ್ಕೆ ಕಾರ್ಮಿಕನ ಬಳಿ ಹರಿದ ಗುರುತಿನ ಚೀಟಿಯಷ್ಟೇ ಸಾಕ್ಷಿ. ಆ ಪುಸ್ತಕದ ನಕಲನ್ನು ಪಂಚನಾಮೆಯ ಜೊತೆಗೇ ಮಾಡಿಸಿ, ಒಂದು ಪ್ರತಿ ಕಾರ್ಮಿಕ ಇಲಾಖೆಯಲ್ಲೂ ಒಂದು ತಹಶೀಲ್ದಾರ್ ಕಚೇರಿಯಲ್ಲೂ ಇರಿಸುವಂತೆ ಆದೇಶಿಸಬೇಕೆಂದು ವಿನಂತಿ.

ಗೌರವಪೂರ್ವಕವಾಗಿ,
ಕೊಪ್ಪಳ ಜಿಲ್ಲೆಯ ನಾಗರಿಕರೊಬ್ಬರು