ಬಿ.ಎಸ್ಸಿ ಗಣಿತ ಅಂದ್ರೆ ಬಿ.ಎಡ್ ಒಂದೇನಾ?

ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು ಕಡೆ ಬಿ.ಎಸ್ಸಿಯಲ್ಲಿ ಗಣಿತ ತಗೊಂಡ ಮಕ್ಕಳಿಗೆ ಮನೆಯಲ್ಲೂ ಕಾಲೇಜಿನಲ್ಲೂ ಸಿಗುವ ಸಲಹೆ ಒಂದೇ: ‘ಬಿ.ಎಡ್ ಮಾಡು, ಮಾಸ್ತರಿಕೆ ಸಿಗತೈತಿ.’ ಮಾಸ್ತರಿಕೆ ಒಳ್ಳೆಯ ಕೆಲಸವೇ. ನಮ್ಮ ಶಾಲೆಗಳಿಗೆ ಗಣಿತದ ಶಿಕ್ಷಕರು ಬೇಕೇ ಬೇಕು. ಆದರೆ ಉಳಿದ ದಾರಿಗಳ ಸುದ್ದಿಯನ್ನೇ ತೆಗೆಯದೆ ಒಂದೇ ದಾರಿಗೆ ತಳ್ಳುವುದಕ್ಕೆ ಸಲಹೆ ಎನ್ನಲಾದೀತೇ?

ಉಳಿದ ದಾರಿಗಳಲ್ಲಿ ಒಂದು ಅನ್ವಯಿಕ ಗಣಿತ. ಅದರ ನೆರೆಯದ್ದೇ ಆಪರೇಷನ್ಸ್ ರಿಸರ್ಚ್. ಹೆಸರು ದೊಡ್ಡದು, ಕೆಲಸ ನಮಗೆ ಗೊತ್ತಿರುವುದೇ: ಇರುವಷ್ಟೇ ಬಸ್ಸು, ಲಾರಿ, ಆಳು, ರೊಕ್ಕದಲ್ಲಿ ಹೆಚ್ಚು ಕೆಲಸ ಆಗುವಂತೆ ಲೆಕ್ಕ ಹಾಕುವುದು. ಎರಡನೇ ಮಹಾಯುದ್ಧದಲ್ಲಿ ಸೇನೆಗಾಗಿ ಬೆಳೆದ ವಿದ್ಯೆ ಇದು. 1947ರಲ್ಲಿ ಅಮೆರಿಕದ ಜಾರ್ಜ್ ಡಾಂಟ್ಜಿಗ್ ‘ಸಿಂಪ್ಲೆಕ್ಸ್’ ವಿಧಾನ ಕಂಡುಹಿಡಿದ ಮೇಲೆ ಕಾರ್ಖಾನೆ, ವಿಮಾನ ಕಂಪನಿಗಳಿಗೂ ಹಬ್ಬಿತು.

ಇದರ ಪುಸ್ತಕಗಳಲ್ಲಿ ‘ಟ್ರಾನ್ಸ್‌ಪೋರ್ಟೇಷನ್ ಪ್ರಾಬ್ಲಮ್’ ಎಂಬ ಪಾಠವೇ ಇದೆ. ಯಾವ ಗೋದಾಮಿನಿಂದ ಯಾವ ಊರಿಗೆ ಎಷ್ಟು ಮಾಲು ಕಳಿಸಿದರೆ ಖರ್ಚು ಕಡಿಮೆ ಎಂಬ ಲೆಕ್ಕ ಅದು. ರೇಷನ್ ಅಕ್ಕಿಗೂ ಅದೇ ಲೆಕ್ಕ. ಯಾವ ಡಿಪೋದ ಬಸ್ಸು ಎಷ್ಟು ಗಂಟೆಗೆ ಯಾವ ಊರಿಗೆ ಹೋಗಬೇಕು ಎಂಬುದೂ ಇದೇ ವಿದ್ಯೆಯ ಪ್ರಶ್ನೆ. ಬಸ್ಸಿನ ಬಾಗಿಲಿಗೆ ಜೋತುಬಿದ್ದು ಕಾಲೇಜಿಗೆ ಹೋಗುವ ನಮ್ಮ ಹುಡುಗರಿಗಿಂತ ಈ ಸಮಸ್ಯೆ ಯಾರಿಗೆ ಚೆನ್ನಾಗಿ ಗೊತ್ತು?

ಎಲ್ಲಿ ಓದಬಹುದು? ದೆಹಲಿ ವಿಶ್ವವಿದ್ಯಾಲಯದಲ್ಲಿ 1973ರಿಂದ ಇದಕ್ಕೆಂದೇ ಒಂದು ವಿಭಾಗವಿದೆ. ಅಲ್ಲಿಗೆ ಸಿಯುಇಟಿ-ಪಿಜಿ ಬರೆಯಬೇಕು. ಐಐಟಿ ಬಾಂಬೆಯಲ್ಲಿ ಎಂ.ಎಸ್ಸಿ ಜೊತೆಗೇ ಪಿಎಚ್‌.ಡಿ ಮಾಡುವ ಕೋರ್ಸ್ ಇದೆ. ಐಐಟಿ ಎಂದರೆ ಎಂಜಿನಿಯರಿಂಗ್‌ನವರದ್ದು ಮಾತ್ರ ಅಂದುಕೊಳ್ಳಬೇಡಿ, ಬಿ.ಎಸ್ಸಿ ಕೊನೆಯ ವರ್ಷದಲ್ಲೇ ‘ಜಾಮ್’ ಪರೀಕ್ಷೆ ಬರೆಯಬಹುದು. ಅರ್ಜಿ ಸಾಮಾನ್ಯವಾಗಿ ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ, ಪರೀಕ್ಷೆ ಫೆಬ್ರವರಿಯಲ್ಲಿ. ಬೆಂಗಳೂರಿನಲ್ಲೂ ಕೇಂದ್ರವಿರುವ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಗೆ ಬೇರೆ ಪ್ರವೇಶ ಪರೀಕ್ಷೆ ಇದೆ. ಅಲ್ಲಿ ಓದುವವರಿಗೆ ಶಿಷ್ಯವೇತನ ಸಿಗುತ್ತದೆ. ಹತ್ತಿರದಲ್ಲೇ ಓದಬೇಕೆಂದರೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಗಣಿತ, ಸಂಖ್ಯಾಶಾಸ್ತ್ರ ವಿಭಾಗಗಳಿವೆ.

ಸೀಟು ಕಡಿಮೆ, ಪೈಪೋಟಿ ಜೋರು, ಜಾಮ್ ಪ್ರಶ್ನೆಪತ್ರಿಕೆ ಇಂಗ್ಲಿಷಿನಲ್ಲೇ. ಅದಕ್ಕೇ ಮೊದಲ ವರ್ಷದಿಂದಲೇ ಮಕ್ಕಳಿಗೆ ಹೇಳಬೇಕು. ಅರ್ಜಿಯ ದಿನ ದಾಟಿದ ಮೇಲೆ ಗೊತ್ತಾದರೆ ಒಂದು ವರ್ಷ ಹೋದಂತೆ. ಹುಡುಗಿಯಾದರೆ ಆ ವರ್ಷದೊಳಗೆ ಮದುವೆಯ ಮಾತು ಶುರುವಾಗಿರುತ್ತದೆ.

ಇನ್ನು ಸರ್ಕಾರದ ಕಥೆ. 2023ರಲ್ಲಿ ಹಾವೇರಿಗೆ ವಿಶ್ವವಿದ್ಯಾಲಯ ಬಂತು. 2025ರಲ್ಲಿ ಹಣದ ಕೊರತೆ ಎಂದು ಮುಚ್ಚುವ ಮಾತಾಡಿದ ಒಂಬತ್ತು ಹೊಸ ವಿಶ್ವವಿದ್ಯಾಲಯಗಳ ಪಟ್ಟಿಯಲ್ಲಿ ಅದೂ ಇತ್ತು. ಮುಚ್ಚುವ ಲೆಕ್ಕ ಬರುವವರಿಗೆ ಬೆಳೆಸುವ ಲೆಕ್ಕ ಬರುವುದಿಲ್ಲವೇ? ಜಿಲ್ಲೆಯ ಬಸ್ಸು, ಮಾರುಕಟ್ಟೆ, ಗೋದಾಮುಗಳನ್ನೇ ಪ್ರಯೋಗಶಾಲೆ ಮಾಡಿಕೊಂಡು ಹಾವೇರಿಯಲ್ಲೇ ಈ ವಿದ್ಯೆ ಕಲಿಸಲಿ.

ಅದು ಆಗುವವರೆಗೆ ಕಾಲೇಜುಗಳು ಮಾಡಬಹುದಾದ ಖರ್ಚಿಲ್ಲದ ಕೆಲಸ ಒಂದಿದೆ. ಆಗಸ್ಟ್ ಮುಗಿಯುವುದರೊಳಗೆ ಈ ಪರೀಕ್ಷೆಗಳ ಮಾಹಿತಿ ನೋಟಿಸ್ ಬೋರ್ಡಿಗೆ ಬರಲಿ. ಬರದಿದ್ದರೆ ಅಪ್ಪ-ಅವ್ವ ಮಕ್ಕಳೊಂದಿಗೆ ಹೋಗಿ ಪ್ರಾಂಶುಪಾಲರನ್ನು ಕೇಳಲಿ. ‘ಯಾರೂ ಕೇಳಿಲ್ರೀ’ ಎಂಬ ನೆಪ ಈ ವರ್ಷಕ್ಕೆ ಮುಗಿಯಲಿ.