ಫಲಕ ಇದ್ದರೆ ಸಾಲದು, ಕೇಳುವವರೂ ಬೇಕು

ಇಂಡೋನೇಷ್ಯಾ ಎಂದರೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಬಾಲಿ ದ್ವೀಪ ಮತ್ತು ಜ್ವಾಲಾಮುಖಿಗಳು. ನನಗೆ ಮಾತ್ರ ಅಲ್ಲಿನ ಹಳ್ಳಿಗಳ ಬಗ್ಗೆ ಕುತೂಹಲ.

ಹಳ್ಳಿಗೆ ಅಲ್ಲಿ ‘ದೇಸಾ’ ಎನ್ನುತ್ತಾರೆ. ಅಂಥವು ಸುಮಾರು 75 ಸಾವಿರ ಇವೆ. 2014ರಲ್ಲಿ ಹಳ್ಳಿಗಳಿಗಾಗಿಯೇ ಒಂದು ಕಾನೂನು ಬಂತು. 2015ರಿಂದ ಕೇಂದ್ರ ಸರ್ಕಾರ ಪ್ರತಿವರ್ಷ ಪ್ರತಿ ಹಳ್ಳಿಗೂ ಹಣ ಕೊಡುತ್ತಿದೆ. ರಸ್ತೆ, ಚರಂಡಿ, ಕುಡಿಯುವ ನೀರು, ಮಕ್ಕಳ ತೂಕ ನೋಡಿ ಲಸಿಕೆ ಹಾಕುವ ‘ಪೊಸ್ಯಾಂಡು’ ಕೇಂದ್ರ ಹೀಗೆ ಹಲವು ಕೆಲಸಗಳಿಗೆ ಅದು ಬಳಕೆಯಾಗುತ್ತದೆ. ಯಾವುದಕ್ಕೆ ಎಷ್ಟು ಎಂಬ ಲೆಕ್ಕದ ದೊಡ್ಡ ಫಲಕವನ್ನು ಎಷ್ಟೋ ಹಳ್ಳಿ ಕಚೇರಿಗಳ ಮುಂದೆಯೇ ಹಾಕಿರುತ್ತಾರೆ.

ಯಾವ ಕೆಲಸ ಮೊದಲು ಎಂದು ತೀರ್ಮಾನಿಸುವ ಊರಿನ ಸಭೆಗೆ ‘ಮುಶಾವರಾ’ ಎಂದು ಹೆಸರು. ನಮ್ಮ ಮನೆಗಳಲ್ಲಿ ‘ಮಶ್ವರಾ’ ಎನ್ನುತ್ತೇವಲ್ಲ, ಅದೇ ಅರಬ್ಬಿ ಮೂಲದ ಪದ.

ಆದರೂ ಹಳ್ಳಿಯ ಹಣ ನುಂಗಿ ಜೈಲು ಸೇರಿದ ಮುಖ್ಯಸ್ಥರಿದ್ದಾರೆ. 2023ರಲ್ಲಿ ಹಳ್ಳಿ ಮುಖ್ಯಸ್ಥರು ಜಕಾರ್ತಾಕ್ಕೆ ಬಂದು, ತಮ್ಮ 6 ವರ್ಷದ ಅವಧಿಯನ್ನು 9ಕ್ಕೆ ಏರಿಸಬೇಕೆಂದು ಪ್ರತಿಭಟಿಸಿದರು. 2024ರಲ್ಲಿ ಅದು 8 ವರ್ಷವಾಯಿತು. ಅವಧಿ ಉದ್ದವಾದಷ್ಟೂ ಪ್ರಶ್ನೆ ಕೇಳುವವರು ಹೆಚ್ಚು ಬೇಕು. ಆದರೆ ಆ ಲೆಕ್ಕ ಓದಬಲ್ಲ ಅನೇಕ ಯುವಜನರು ನಗರದ ಕಾರ್ಖಾನೆಗಳಿಗೆ, ಮಲೇಷ್ಯಾಕ್ಕೆ ದುಡಿಯಲು ಹೋಗಿದ್ದಾರೆ.

ನನ್ನ ಪ್ರಕಾರ ಹಿರಿಯರು ಹೇಳಿದ್ದಕ್ಕೆಲ್ಲ ತಲೆಯಾಡಿಸುವುದು ಮಶ್ವರಾ ಅಲ್ಲ. ಅದಬ್ ಬಿಡದೆ, ಎದ್ದು ನಿಂತು ಲೆಕ್ಕ ಕೇಳುವುದೂ ಮಶ್ವರಾವೇ. ಓದಿದವರ ಮೇಲೆ ಆ ಹೊಣೆ ಇನ್ನೂ ಹೆಚ್ಚು. ಅದು ಜಾವಾದ ಹಳ್ಳಿಯಲ್ಲಾದರೂ ಅಷ್ಟೇ, ನಮ್ಮೂರಿನ ಗ್ರಾಮಸಭೆಯಲ್ಲಾದರೂ ಅಷ್ಟೇ.